ಮೊದಲು ಕೋಡಂಗಿ, ಆಮೇಲೆ ಒಡ್ಡೋಲಗ: ನಿಮ್ಮ ಕೆಲಸವನ್ನು ಆನ್‌ಲೈನ್‌ನಲ್ಲಿ ಜನರ ಮುಂದಿಡುವ ಭಯ ಕಳೆಯುವ ಬಗೆ

ಆಷಾಢದ ಒಂದು ರಾತ್ರಿ. ಹೊರಗೆ ಮಳೆ ಬಿಡದೆ ಹೊಡೆಯುತ್ತಿತ್ತು. ಸಂಜೆಯಿಂದ ಕರೆಂಟ್ ಇರಲಿಲ್ಲ. ಎಲ್ಲರೂ ಮಲಗಿದ ಮೇಲೆ ನಾನು ಬರೆದ ಒಂದು ಚಿತ್ರದ ಫೋಟೋವನ್ನು ಫೇಸ್‌ಬುಕ್‌ಗೆ ಹಾಕಿದೆ. ನಮ್ಮ ಹಳೇ ಮನೆಯ ಅಂಗಳ, ಅಡಿಕೆ ಚಪ್ಪರ, ಕಂಬಕ್ಕೆ ಒರಗಿಸಿಟ್ಟ, ಅಡಿಕೆ ಕೊಯ್ಯುವ ಉದ್ದ ಕೋಲು ದೋಟಿ. ಇಷ್ಟೇ ಚಿತ್ರ.

ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ತೆಗೆದುಬಿಟ್ಟೆ. ಯಾರೂ ಏನೂ ಅಂದಿರಲಿಲ್ಲ. ಯಾರಾದರೂ ನೋಡಿದರೋ ಇಲ್ಲವೋ ಅನ್ನೋದೂ ಗೊತ್ತಿಲ್ಲ. ಎದೆ ಮಾತ್ರ ಢವಢವ ಅಂತಿತ್ತು.

ಆಮೇಲೆ ಮೂರು ವರ್ಷ ನನ್ನ ಚಿತ್ರಗಳೆಲ್ಲ ಟ್ರಂಕಿನಲ್ಲೇ ಇದ್ದವು. ಮಲೆನಾಡಿನ ಮಳೆಗಾಲದಲ್ಲಿ ಟ್ರಂಕಿನಲ್ಲಿಟ್ಟ ಕಾಗದಕ್ಕೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೂಷ್ಟು ಹಿಡಿದು ಎಂಟು ಚಿತ್ರ ಹಾಳಾದವು. ಅದರ ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಆ ಎಂಟು ಚಿತ್ರಗಳ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಎಷ್ಟೋ ಮನೆಗಳಲ್ಲಿ ಇಂಥ ಟ್ರಂಕುಗಳಿವೆ. ಕಥೆ ಬರೆದು ನೋಟ್‌ಬುಕ್ಕನ್ನು ಸೀರೆಗಳ ಕೆಳಗೆ ಇಡುವವರಿದ್ದಾರೆ. ಕೊಟ್ಟಿಗೆಯಲ್ಲಿ ಮಾತ್ರ ಹಾಡುವವರಿದ್ದಾರೆ. ಇಪ್ಪತ್ತು ಬಗೆಯ ತಂಬುಳಿ ಗೊತ್ತಿದ್ದೂ ಯಾರಿಗೂ ತೋರಿಸದವರಿದ್ದಾರೆ. ಫೋನ್ ಇದೆ, ಡೇಟಾ ಇದೆ, ಕೆಲಸವೂ ಮುಗಿದಿದೆ. ಕೊನೆಯ ಆ ಒಂದು ಬಟನ್ ಒತ್ತೋಕೆ ಕೈ ಬರೋದಿಲ್ಲ. ನನಗೆ ಕೈ ಬಂದದ್ದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

1. ಆ ‘ನಾಲ್ಕು ಜನ’ ಯಾರು ಅಂತ ಚೀಟಿಯಲ್ಲಿ ಬರೆಯಿರಿ

‘ನಾಲ್ಕು ಜನ ಏನಂತಾರೆ’ ಅಂತ ನಾವೆಲ್ಲ ಹೇಳ್ತೀವಿ, ಅಲ್ವಾ? ಒಂದು ಚೀಟಿ ತಗೊಂಡು ಆ ನಾಲ್ಕು ಜನರ ಹೆಸರು ಬರೆಯಿರಿ. ‘ಊರವರು’, ‘ಎಲ್ಲರೂ’ ಅಂತ ಬರೆಯಬೇಡಿ. ಚಿತ್ರವನ್ನೋ ಹಾಡನ್ನೋ ಹಾಕಿದ ಕ್ಷಣ ಯಾರ ಮುಖ ಕಣ್ಣಮುಂದೆ ಬರುತ್ತದೋ ಅವರ ಹೆಸರನ್ನೇ ಬರೆಯಿರಿ.

ನಾನು ಬರೆದಾಗ ಸಿಕ್ಕಿದ್ದು ಮೂರೇ ಹೆಸರು. ಗಂಡನ ಮನೆ ಕಡೆಯ ಒಬ್ಬ ದೊಡ್ಡತ್ತೆ. ಹೈಸ್ಕೂಲಿನಲ್ಲಿ ನನ್ನ ಚಿತ್ರವನ್ನು ತರಗತಿಯ ಮುಂದೆ ಎತ್ತಿ ಹಿಡಿದು ‘ಇದು ದನವೋ ನಾಯಿಯೋ’ ಅಂದಿದ್ದ ಮೇಷ್ಟ್ರು. ಮತ್ತೆ ನನ್ನ ಜೊತೆ ಓದಿದ ಒಬ್ಬಳು. ಅವಳು ತುಂಬ ಚೆನ್ನಾಗಿ ಬರೆಯುತ್ತಿದ್ದಳು.

ಚೀಟಿ ನೋಡುತ್ತಾ ಕೂತಾಗ ನನಗೆ ತಿಳಿದದ್ದು ಇದು: ನನಗಿದ್ದದ್ದು ಪ್ರಪಂಚದ ಭಯ ಅಲ್ಲ. ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಯಾರೋ ನೋಡುತ್ತಾರೆ ಅಂದರೆ ಏನೂ ಅನಿಸುತ್ತಿರಲಿಲ್ಲ. ಭಯ ಇದ್ದದ್ದು ಪರಿಚಯದ ಮೂರು ಮುಖಗಳದ್ದು. ನಮ್ಮ ಕಡೆ ಗುಡ್ಡಕ್ಕೊಂದು ಮನೆ. ಪಕ್ಕದ ಮನೆಗೆ ಹೋಗಬೇಕಾದರೆ ತೋಟ ದಾಟಿ ಸಂಕ ದಾಟಿ ಹೋಗಬೇಕು. ಆದರೂ ಮಾತು ಮಾತ್ರ ಸಂಜೆಯೊಳಗೆ ಎಲ್ಲ ಮನೆ ಮುಟ್ಟಿರುತ್ತದೆ. ಮುಂದಿನ ಮದುವೆ ಊಟದಲ್ಲಿ ಅವರ ಪಕ್ಕವೇ ಎಲೆ ಹಾಕಿ ಕೂರಬೇಕು. ಹಾಗಾಗಿ ನಮ್ಮ ಭಯ ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಮೂರು ಜನರ ಭಯಕ್ಕೆ ಮೂರು ಜನರಷ್ಟೇ ಉಪಾಯ ಸಾಕು.

ಆ ಉಪಾಯ ಫೋನಿನಲ್ಲೇ ಇದೆ. ವಾಟ್ಸಾಪ್ ಸ್ಟೇಟಸ್‌ನ ಪ್ರೈವಸಿಯಲ್ಲಿ ಇಂಥವರನ್ನು ಬಿಟ್ಟು ಉಳಿದವರಿಗೆ ಕಾಣಲಿ ಅಂತಲೂ, ಇಂಥವರಿಗೆ ಮಾತ್ರ ಕಾಣಲಿ ಅಂತಲೂ ಆರಿಸಬಹುದು. ಫೇಸ್‌ಬುಕ್‌ನಲ್ಲೂ ಪ್ರತಿ ಪೋಸ್ಟ್‌ಗೆ ಯಾರು ನೋಡಬೇಕು ಅಂತ ಆರಿಸುವ ಜಾಗ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ಹೊಸ ಖಾತೆ ತೆರೆಯುವಾಗ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನು ಜೋಡಿಸಲೇ ಅಂತ ಕೇಳುತ್ತದೆ. ಬೇಡ ಅನ್ನಿ. ಜೋಡಿಸಿದರೆ ನಿಮ್ಮ ಬಂಧುಗಳಿಗೆ ನಿಮ್ಮ ಖಾತೆ ತಾನಾಗಿ ತೋರುವ ಸಂಭವ ಜಾಸ್ತಿ.

ಕೆಲವರು ಇದು ಹೇಡಿತನ ಅನ್ನಬಹುದು. ನನಗೆ ಹಾಗೆ ಅನಿಸೋದಿಲ್ಲ. ಅಡಿಕೆ ಸಸಿಯನ್ನು ತೋಟಕ್ಕೆ ನೆಡುವಾಗ ಬಿಸಿಲು ತಾಗದ ಹಾಗೆ ಬಾಳೆಯ ನೆರಳು ಕೊಡ್ತೀವಿ. ಸಸಿ ಹೇಡಿ ಅಂತ ಯಾರೂ ಅನ್ನೋದಿಲ್ಲ.

2. ನಿಮ್ಮದು ಯಾವ ಭಯ ಅಂತ ಬಿಡಿಸಿ ನೋಡಿ

ನೆಗಡಿಗೂ ಹೊಟ್ಟೆನೋವಿಗೂ ಒಂದೇ ಕಷಾಯ ಕುಡಿಯೋದಿಲ್ಲ. ‘ಹಾಕೋಕೆ ಭಯ’ ಅನ್ನುವ ಒಂದು ಮಾತಿನ ಒಳಗೆ ಬೇರೆ ಬೇರೆ ಭಯ ಸೇರಿರುತ್ತವೆ.

ಜನ ನಗುತ್ತಾರೆ ಅನ್ನೋದು ಮೊದಲನೆಯದು. ಇದರ ಬಗ್ಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬ ವಿದ್ಯಾರ್ಥಿಗೆ ಹಾಕಿಕೊಳ್ಳೋಕೆ ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಅಂಗಿಯ ಮೇಲೆ ಒಬ್ಬ ಗಾಯಕನ ದೊಡ್ಡ ಮುಖ ಇತ್ತು. ಎಷ್ಟು ಜನ ಅದನ್ನು ಗಮನಿಸಿರಬಹುದು ಅಂತ ಕೇಳಿದರೆ, ಹಾಕಿಕೊಂಡವರು ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂದರು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು. ನಾವು ಅಂದುಕೊಳ್ಳುವಷ್ಟು ಜನ ನಮ್ಮನ್ನು ನೋಡುತ್ತಿರೋದಿಲ್ಲ. ಅವರವರಿಗೆ ಅವರವರ ಅಂಗಿಯದೇ ಚಿಂತೆ.

ಯಾರಾದರೂ ಕದಿಯುತ್ತಾರೆ ಅನ್ನೋದು ಇನ್ನೊಂದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೀವು ಕಥೆ, ಕವಿತೆ ಬರೆದ ಅಥವಾ ಚಿತ್ರ ಬಿಡಿಸಿದ ಗಳಿಗೆಯಲ್ಲೇ ಅದರ ಹಕ್ಕು ನಿಮ್ಮದಾಗುತ್ತದೆ. ನೋಂದಣಿ ಕಡ್ಡಾಯ ಅಲ್ಲ. ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಅಡುಗೆಯ ವಿಷಯದಲ್ಲಿ ಸ್ವಲ್ಪ ಬೇರೆ: ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ವಿಧಾನಕ್ಕೆ ಈ ರಕ್ಷಣೆ ಇಲ್ಲ, ಅದನ್ನು ವಿವರಿಸಿ ನೀವು ಬರೆದ ಮಾತುಗಳಿಗೆ ಇದೆ. ಕಾನೂನು ಇದ್ದ ಮಾತ್ರಕ್ಕೆ ಕದಿಯುವವರು ನಿಲ್ಲೋದಿಲ್ಲ, ನಿಜ. ಹಾಗಾಗಿ ಚಿತ್ರದ ಮೂಲೆಯಲ್ಲಿ ಸಹಿ ಹಾಕಿ. ದೊಡ್ಡ ಫೈಲನ್ನು ಮನೆಯಲ್ಲಿಟ್ಟುಕೊಂಡು ಸಣ್ಣದನ್ನು ಹಾಕಿ. ಬಿಡಿಸುತ್ತಿರುವಾಗಲೇ ಅರ್ಧ ಚಿತ್ರದ ಫೋಟೋ ಒಂದೆರಡು ತೆಗೆದಿಟ್ಟುಕೊಳ್ಳಿ. ಇದು ನನ್ನದೇ ಅಂತ ತೋರಿಸೋಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ.

ಮೂರನೆಯದು ಕಾಟದ ಭಯ. ಹೆಣ್ಣುಮಕ್ಕಳಿಗೆ ಇದು ಜಾಸ್ತಿ, ಮತ್ತು ಇದನ್ನು ಹಗುರ ಮಾಡಿ ಮಾತಾಡಬಾರದು. ನಿಮ್ಮ ಮುಖ, ಮನೆ, ಫೋನ್ ನಂಬರ್ ಯಾವುದೂ ಇಲ್ಲದೆ ಬರೀ ಕೆಲಸವನ್ನು ತೋರಿಸಬಹುದು. ಕೈ ಮಾತ್ರ ಕಾಣುವ ಹಾಗೆ ವಿಡಿಯೋ ಮಾಡಬಹುದು. ಬೇರೆ ಹೆಸರು ಇಟ್ಟುಕೊಳ್ಳಬಹುದು, ನಮ್ಮ ಸಾಹಿತ್ಯದಲ್ಲಿ ಕಾವ್ಯನಾಮ ಹೊಸದೇನಲ್ಲ. ಯಾರಾದರೂ ಬೆದರಿಸಿದರೆ, ಫೋಟೋ ತಿರುಚಿದರೆ, ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಬ್ಲಾಕ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಹಣದ ಮೋಸ ಆಗಿದ್ದರೆ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ.

ಯಾರೂ ನೋಡದಿದ್ದರೆ ಅನ್ನುವ ಭಯವೂ ಒಂದಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

3. ನಿಮಗೂ ಒಂದು ಪೂರ್ವರಂಗ ಇರಲಿ

ಈ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಗದ್ದೆ ಕೊಯ್ಲಾದ ಮೇಲೆ ನಮ್ಮ ಕಡೆ ಯಕ್ಷಗಾನದ ಬಯಲಾಟ ಶುರುವಾಗುತ್ತದೆ. ಬೇಗ ಹೋಗಿ ಕೂತವರಿಗೆ ಗೊತ್ತು, ಪ್ರಸಂಗ ಶುರುವಾಗುವ ಮೊದಲು ಬಡಗುತಿಟ್ಟಿನಲ್ಲಿ, ಅಂದರೆ ಉತ್ತರದ ಕಡೆಯ ಶೈಲಿಯಲ್ಲಿ, ಪೂರ್ವರಂಗ ಇರುತ್ತದೆ. ಕೋಡಂಗಿಗಳು ಬರುತ್ತಾರೆ, ಬಾಲಗೋಪಾಲರು ಬರುತ್ತಾರೆ, ಸ್ತ್ರೀವೇಷ ಬರುತ್ತದೆ. ಆಮೇಲೆ ಒಡ್ಡೋಲಗ, ಅಂದರೆ ಮುಖ್ಯ ವೇಷಗಳು ಸಭೆಯ ಮುಂದೆ ಬರುವುದು. ಈ ಕೋಡಂಗಿ, ಬಾಲಗೋಪಾಲ ಯಾರು ಅಂತ ನೋಡಿದರೆ ಹೆಚ್ಚಾಗಿ ಕಲಿಯುತ್ತಿರುವ ಹುಡುಗರು. ಆ ಹೊತ್ತಿಗೆ ಜನ ಇನ್ನೂ ಬರುತ್ತಾ ಇರುತ್ತಾರೆ. ಕಂಬಳಿ ಹಾಸುತ್ತಾ, ಚಹಾ ಕುಡಿಯುತ್ತಾ ಇರುತ್ತಾರೆ. ಹುಡುಗ ಹೆಜ್ಜೆ ತಪ್ಪಿದರೆ ಯಾರೂ ಲೆಕ್ಕ ಇಡೋದಿಲ್ಲ. ಆದರೆ ಅವನ ಕಾಲಿಗೆ ರಂಗಸ್ಥಳ ಪರಿಚಯ ಆಗುತ್ತದೆ, ದೀಪದ ಬೆಳಕು ಪರಿಚಯ ಆಗುತ್ತದೆ, ಹಿಂದೆ ಚೆಂಡೆಯ ಸದ್ದು ಪರಿಚಯ ಆಗುತ್ತದೆ. ಮುಂದೆ ಅವನೇ ಕಿರೀಟ ಕಟ್ಟುತ್ತಾನೆ. ಹೊಸಬನನ್ನು ಒಂದೇ ಸಲ ಕರ್ಣನ ವೇಷದಲ್ಲಿ ನಿಲ್ಲಿಸೋದಿಲ್ಲ.

ನಾನು ಆ ಆಷಾಢದ ರಾತ್ರಿ ಮಾಡಿದ್ದು ಅದೇ ತಪ್ಪು. ಒಂದೇ ಸಲ ಇಡೀ ಸಭೆಯ ಮುಂದೆ ಹೋಗಿ ನಿಂತಿದ್ದೆ. ನೀವು ಹೀಗೆ ಮಾಡಿ.

ಮೊದಲ ಮೆಟ್ಟಿಲು: ಒಬ್ಬರಿಗೆ, ಎದುರಿಗೆ ಕೂತು, ಕಾಗದದ ಮೇಲೇ ತೋರಿಸಿ. ‘ಹೇಗಿದೆ?’ ಅಂತ ಕೇಳಬೇಡಿ. ಹಾಗೆ ಕೇಳಿದರೆ ‘ಚೆನ್ನಾಗಿದೆ’ ಅನ್ನೋದು ಬಿಟ್ಟು ಅವರಿಗೆ ಬೇರೆ ದಾರಿಯೇ ಇಲ್ಲ. ‘ಇದರಲ್ಲಿ ನಿನ್ನ ಕಣ್ಣು ಮೊದಲು ಎಲ್ಲಿಗೆ ಹೋಯಿತು?’, ‘ಕಥೆ ಎಲ್ಲಿ ಬೇಸರ ಬಂತು?’ ಅಂತ ಕೇಳಿ. ನಾನು ತೋರಿಸಿದ್ದು ಅಕ್ಕನ ಮಗಳಿಗೆ. ಅವಳು ಸ್ವಲ್ಪ ಹೊತ್ತು ನೋಡಿ, ‘ಚಿಕ್ಕೀ, ಕಂಬದ ನೆರಳು ಈ ಕಡೆ, ದೋಟಿಯ ನೆರಳು ಆ ಕಡೆ. ಸೂರ್ಯ ಎಂಥ ಎರಡು ಇದಾನಾ?’ ಅಂದಳು. ಅವಳು ಹೇಳಿದ್ದು ಸರಿ ಇತ್ತು. ತಿದ್ದಿದೆ. ನನಗೆ ಆಶ್ಚರ್ಯ ಆದದ್ದು ಏನಂದರೆ, ತಪ್ಪು ತೋರಿಸಿದಾಗ ನೋವು ಆಗಲಿಲ್ಲ. ಕೆಲಸದ ಬಗ್ಗೆ ಮಾತಾಡಿದ್ದಳು, ನನ್ನ ಬಗ್ಗೆ ಅಲ್ಲ.

ಇಲ್ಲಿ ಕುಪ್ಪಳಿಯ ಕುವೆಂಪು ಅವರ ಒಂದು ಪ್ರಸಂಗ ಹೇಳಲೇಬೇಕು. ಇಪ್ಪತ್ತರ ವಯಸ್ಸಿನಲ್ಲಿ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಅವುಗಳನ್ನು ಒಯ್ದು ತೋರಿಸಿದರು. ಹೊಗಳಿಕೆ ಸಿಗಲಿಲ್ಲ. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಅಂತ ಅವರು ಕೇಳಿದರು, ಕನ್ನಡದಲ್ಲಿ ಬರೆಯಿರಿ ಅಂದರು. ಆ ಹುಡುಗನಿಗೆ ಆಗ ಹೇಗೆ ಅನಿಸಿರಬೇಡ! ಆದರೆ ಅದೇ ಕೈ 1967ರಲ್ಲಿ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದಿತು. ಒಯ್ದು ತೋರಿಸದೆ ಇದ್ದಿದ್ದರೆ ಆ ಮಾತು ಕೇಳೋಕೇ ಸಿಗುತ್ತಿರಲಿಲ್ಲ.

ಎರಡನೇ ಮೆಟ್ಟಿಲು: ದೂರದ ಇಬ್ಬರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಅವರು ಉತ್ತರ ಕೊಡುವವರೆಗೆ ಕಾಯುವ ಆ ಹೊತ್ತು ಇದೆಯಲ್ಲ, ಆ ಕಾಯುವಿಕೆಯೇ ಇಲ್ಲಿನ ಅಭ್ಯಾಸ.

ಮೂರನೆಯದು ಸ್ಟೇಟಸ್. ಚೀಟಿಯ ಹೆಸರುಗಳನ್ನು ಬಿಟ್ಟು ಹತ್ತು ಹದಿನೈದು ಜನಕ್ಕೆ ಮಾತ್ರ ಕಾಣುವ ಹಾಗೆ ಹಾಕಿ. 24 ಗಂಟೆ ಆದ ಮೇಲೆ ಅದು ತಾನಾಗಿಯೇ ಹೋಗುತ್ತದೆ. ಹಾಗಾಗಿ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ನಾಲ್ಕನೆಯದು ಅರೆಬಾಗಿಲು. ಯೂಟ್ಯೂಬ್‌ನಲ್ಲಿ ವಿಡಿಯೋವನ್ನು ‘ಅನ್‌ಲಿಸ್ಟೆಡ್’ ಅಂತ ಹಾಕಬಹುದು. ಲಿಂಕ್ ಇದ್ದವರು ಮಾತ್ರ ನೋಡುತ್ತಾರೆ, ಹುಡುಕಿದರೆ ಸಿಗೋದಿಲ್ಲ. ಇನ್‌ಸ್ಟಾಗ್ರಾಮ್ ಸ್ಟೋರಿಯನ್ನು ‘ಕ್ಲೋಸ್ ಫ್ರೆಂಡ್ಸ್’ ಪಟ್ಟಿಗೆ ಮಾತ್ರ ತೋರಿಸಬಹುದು.

ಐದನೆಯದು ಎಲ್ಲರಿಗೂ.

ಒಂದೊಂದು ಮೆಟ್ಟಿಲಲ್ಲಿ ಎಷ್ಟು ದಿನ ನಿಲ್ಲಬೇಕು? ಇದಕ್ಕೆ ದಿನದ ಲೆಕ್ಕ ಇಲ್ಲ. ಅದೇ ಮೆಟ್ಟಿಲಲ್ಲಿ ಮತ್ತೆ ಮತ್ತೆ ಮಾಡಿ. ಕಳಿಸುವಾಗ ಎದೆ ಮೊದಲಿನಷ್ಟು ಹೊಡೆದುಕೊಳ್ಳದೆ ಇದ್ದಾಗ ಮೇಲಿನದಕ್ಕೆ ಹೋಗಿ. ಸಣ್ಣ ಭಯದಿಂದ ದೊಡ್ಡ ಭಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಒಗ್ಗಿಸುವ ಈ ಕ್ರಮವನ್ನು ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲೇ ಚಿಕಿತ್ಸೆಯಾಗಿ ರೂಪಿಸಿದರು. ಈಗಲೂ ಭಯದ ಚಿಕಿತ್ಸೆಯಲ್ಲಿ ಈ ದಾರಿ ಬಳಕೆಯಲ್ಲಿದೆ.

ಇದರಲ್ಲಿ ಒಂದು ಮಾತು ಮರೆಯಬೇಡಿ. ಭಯ ತುದಿಗೆ ಏರಿದಾಗ ಓಡಿಹೋಗಬಾರದು. ನಾನು ಹತ್ತೇ ನಿಮಿಷಕ್ಕೆ ಚಿತ್ರ ತೆಗೆದೆ. ತೆಗೆದ ತಕ್ಷಣ ಹಾಯೆನಿಸಿತು. ಆ ಹಾಯೆನಿಸಿದ್ದೇ ನನಗೆ ಮುಳುವಾಯಿತು. ‘ತೆಗೆದದ್ದರಿಂದ ಬಚಾವಾದೆ’ ಅಂತ ಮನಸ್ಸು ಕಲಿತುಕೊಂಡಿತು. ಮುಂದಿನ ಸಲ ಭಯ ಇನ್ನೂ ದೊಡ್ಡದಾಗಿ ಬಂತು. ಒಂದು ಗಂಟೆ ತಡೆದಿದ್ದರೆ ಅದು ತಾನಾಗಿಯೇ ಇಳಿಯುತ್ತಿತ್ತು. ಅದು ಇಳಿಯುತ್ತದೆ ಅಂತ ಮೈಗೆ ಗೊತ್ತಾಗಬೇಕು. ಹೇಳಿ ಗೊತ್ತಾಗುವ ವಿಷಯ ಅಲ್ಲ ಅದು.

4. ಬುಟ್ಟಿಯಲ್ಲಿ ಹತ್ತು ಇದ್ದಾಗ ಒಂದನ್ನು ಹೊರಗಿಡಿ

ಇರುವುದೇ ಒಂದು ಚಿತ್ರ, ಅದನ್ನೇ ಹಾಕಿದರೆ ಜೀವ ಎಲ್ಲ ಅದರ ಮೇಲೇ ಇರುತ್ತದೆ. ಯಾರಾದರೂ ಸಣ್ಣ ಮಾತಾಡಿದರೂ ಬಿದ್ದುಹೋಗುತ್ತೇವೆ. ಹತ್ತು ಮುಗಿದ ಕೆಲಸ ಇಟ್ಟುಕೊಂಡು ಶುರು ಮಾಡಿ. ಮೊದಲು ಹಾಕುವುದು ನಿಮ್ಮ ಅತಿ ಪ್ರೀತಿಯದ್ದೂ ಬೇಡ, ಬೇಕಾಬಿಟ್ಟಿಯದ್ದೂ ಬೇಡ. ನಡುವಿನದ್ದು ಸಾಕು.

ಜೊತೆಗೆ ಬರೆಯುವ ಎರಡು ಸಾಲಿನ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ‘ಸುಮ್ನೆ ಟ್ರೈ ಮಾಡಿದ್ದು’, ‘ಅಷ್ಟೇನೂ ಚೆನ್ನಾಗಿಲ್ಲ, ತಪ್ಪಿದ್ದರೆ ಕ್ಷಮಿಸಿ’ ಅಂತ ಬರೆಯಬೇಡಿ. ನಾವು ವಿನಯ ಅಂದುಕೊಂಡು ಬರೆಯುತ್ತೇವೆ. ಆದರೆ ಓದುವವರು ಮೊದಲು ತಪ್ಪನ್ನೇ ಹುಡುಕೋಕೆ ಶುರು ಮಾಡುತ್ತಾರೆ. ಮನೆಗೆ ಬಂದ ನೆಂಟರಿಗೆ ಕಡುಬು ಬಡಿಸುವಾಗ ‘ಇದು ಸರಿಯಾಗಿಲ್ಲ’ ಅಂತ ಹೇಳಿ ಬಡಿಸಿದರೆ ಅವರಿಗೆ ರುಚಿ ಹತ್ತುತ್ತದಾ? ಅದರ ಬದಲು ಏನು, ಎಲ್ಲಿ, ಹೇಗೆ ಅಂತ ಬರೆಯಿರಿ. ‘ನಮ್ಮ ಹಳೇ ಮನೆಯ ಅಂಗಳ. ಅಡಿಕೆ ಒಣಗಿಸುವ ಕಾಲ. ಪೆನ್ಸಿಲ್, ಮೂರು ಸಂಜೆಯ ಕೆಲಸ.’ ನಾನು ಬರೆದದ್ದು ಇಷ್ಟು. ಇದರಲ್ಲಿ ಸುಳ್ಳು ಇಲ್ಲ, ಜಂಬವೂ ಇಲ್ಲ.

ಭಾಷೆಯ ಬಗ್ಗೆ ಅಳುಕು ಇರುವವರು ತುಂಬ ಇದ್ದಾರೆ. ಒತ್ತಕ್ಷರ ತಪ್ಪಾದರೆ, ನಮ್ಮ ಕಡೆಯ ಮಾತು ಬಂದುಬಿಟ್ಟರೆ ಅಂತ. ಬರೆದದ್ದನ್ನು ಗಟ್ಟಿಯಾಗಿ ಒಮ್ಮೆ ಓದಿ, ಇನ್ನೊಬ್ಬರ ಕಣ್ಣಿಗೆ ಒಮ್ಮೆ ಹಾಯಿಸಿ. ಅಷ್ಟು ಸಾಕು. ನಮ್ಮ ಕಡೆಯ ಮಾತು ಬಂದರೆ ಬರಲಿ, ಅದನ್ನು ತಿದ್ದಿ ತೆಗೆಯಬೇಡಿ.

ಬೇರೆಯವರ ಸೊತ್ತಿನ ಬಗ್ಗೆ ಮಾತ್ರ ಎಚ್ಚರ ಇರಲಿ. ಅಜ್ಜಿಯೊಬ್ಬರು ಹೇಳಿಕೊಟ್ಟ ಸೋಬಾನೆ ಹಾಡನ್ನು ಹಾಕುವಾಗ ಅವರನ್ನು ಕೇಳಿ, ಅವರು ಒಪ್ಪಿದರೆ ಅವರ ಹೆಸರು ಹಾಕಿ. ಮಕ್ಕಳ ಮುಖ ಬೇಡ. ಕಾಡಿನಲ್ಲಿ ಅಪರೂಪದ ಸೀತಾಳೆ ಹೂವಿನ ಫೋಟೋ ತೆಗೆದರೆ ಜಾಗ ಎಲ್ಲಿ ಅಂತ ಬರೆಯಬೇಡಿ. ಕಿತ್ತುಕೊಂಡು ಹೋಗುವವರಿದ್ದಾರೆ.

5. ಹಾಕುವ ದಿನ

ರಾತ್ರಿ ಹಾಕಬೇಡಿ. ಕತ್ತಲಲ್ಲಿ, ಒಬ್ಬರೇ ಇದ್ದಾಗ, ಎಲ್ಲ ಭಯವೂ ಎರಡರಷ್ಟು. ಬೆಳಿಗ್ಗೆ ತಿಂಡಿ ಆದ ಮೇಲೆ ಹಾಕಿ. ಫೋಟೋ, ಬರಹ ಎಲ್ಲ ಹಿಂದಿನ ದಿನವೇ ಫೋನಿನಲ್ಲಿ ತಯಾರಿರಲಿ. ನಮ್ಮಲ್ಲಿ ಮನೆಯೊಳಗೆ ನೆಟ್‌ವರ್ಕ್ ಸಿಗೋದು ಅಪರೂಪ, ಹೆಚ್ಚಾಗಿ ಗೇರುಗುಡ್ಡೆ ಹತ್ತಬೇಕು. ಅದು ಒಂದು ರೀತಿಯಲ್ಲಿ ಒಳ್ಳೇದೇ ಆಯಿತು. ಗುಡ್ಡ ಹತ್ತಿ ಹಾಕಿದೆ, ಇಳಿದು ಬಂದೆ. ನಿಮಿಷ ನಿಮಿಷಕ್ಕೂ ನೋಡೋಕೆ ಆಗಲೇ ಇಲ್ಲ. ಮನೆಯಲ್ಲೇ ನೆಟ್‌ವರ್ಕ್ ಇದ್ದವರು ನೋಟಿಫಿಕೇಶನ್ ಆಫ್ ಮಾಡಿ, ಕೈಗೆ ಕೆಲಸ ಕೊಡಿ. ನಾನು ಅವತ್ತು ಅಡಿಕೆ ಸುಲಿಯೋಕೆ ಕೂತೆ. ಮೆಟ್ಟುಗತ್ತಿಯ ಮುಂದೆ ಕೂತಾಗ ಬೆರಳಿನ ಮೇಲೆ ಗಮನ ಇಡಲೇಬೇಕು, ಬೇರೆ ಯೋಚನೆಗೆ ಜಾಗ ಇಲ್ಲ.

ಎರಡು ನಿಯಮ. ಸಂಜೆವರೆಗೆ ನೋಡಬಾರದು. 24 ಗಂಟೆ ತೆಗೆಯಬಾರದು. ಯಾರದ್ದಾದರೂ ಖಾಸಗಿ ವಿಷಯ ತಪ್ಪಿ ಬಂದಿದ್ದರೆ ಮಾತ್ರ ತಕ್ಷಣ ತೆಗೆಯಿರಿ.

6. ಜನ ಮಾತಾಡಿದಾಗ

ಮಾತುಗಳನ್ನು ಮೊದಲು ಬೇರೆ ಬೇರೆ ಮಾಡಿ.

ತಪ್ಪು ತಿದ್ದುವ ಮಾತು ಬಂದರೆ ಅದನ್ನು ಗಂಟು ಕಟ್ಟಿ ಇಟ್ಟುಕೊಳ್ಳಿ. ನಾನು ಒಮ್ಮೆ ದೀವರ ಸಮುದಾಯದವರ ಮನೆಯ ಗೋಡೆಯ ಮೇಲೆ ಬರೆದ ಹಸೆ ಚಿತ್ತಾರ ನೋಡಿ ಬಂದು ಒಂದು ಚಿತ್ರ ಬರೆದೆ. ಜೊತೆಗೆ, ಹಳದಿ ಬಣ್ಣಕ್ಕೆ ಅರಿಶಿನ ಹಾಕುತ್ತಾರೆ ಅಂತ ಬರೆದೆ. ಯಾರನ್ನೂ ಕೇಳಿರಲಿಲ್ಲ, ಹಾಗಿರಬಹುದು ಅಂದುಕೊಂಡಿದ್ದೆ. ಸಾಗರದ ಕಡೆಯ ಒಬ್ಬ ಅಕ್ಕ ಬರೆದರು: ‘ಅರಿಶಿನ ಅಲ್ಲ, ಗುರಿಗೆ ಕಾಯಿಂದು. ಬಿಳಿಗೆ ಅಕ್ಕಿಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಸುಟ್ಟ ಅಕ್ಕಿ. ಬರೆಯೋದು ಪುಂಡಿ ನಾರಿಂದ.’ ಓದಿದಾಗ ಒಂದು ಗಳಿಗೆ ಮುಖ ಬಿಸಿಯಾಯಿತು. ಆಮೇಲೆ ತಿದ್ದಿದೆ, ಅವರಿಗೆ ಧನ್ಯವಾದ ಹೇಳಿದೆ. ಆಕೆ ಭೂಮಿ ಹುಣ್ಣಿಮೆಗೆ ತಾವು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯ ಫೋಟೋ ಕಳಿಸಿದರು. ಟ್ರಂಕಿನಲ್ಲಿಟ್ಟಿದ್ದರೆ ಆ ತಪ್ಪು ಸಾಯೋವರೆಗೆ ನನ್ನ ಜೊತೆಗೇ ಇರುತ್ತಿತ್ತು, ಆ ಬುಟ್ಟಿಯನ್ನೂ ನಾನು ನೋಡುತ್ತಿರಲಿಲ್ಲ.

‘ನನಗೆ ಇಷ್ಟ ಆಗಲಿಲ್ಲ’ ಅನ್ನೋದು ರುಚಿಯ ಮಾತು. ಕೆಲವರಿಗೆ ಹಾಗಲಕಾಯಿ ಸೇರೋದಿಲ್ಲ. ಬಿಟ್ಟುಬಿಡಿ.

ಬೈಗುಳಕ್ಕೆ ಉತ್ತರ ಕೊಡಬೇಡಿ. ಒಂದು ಉತ್ತರ ಕೊಟ್ಟರೆ ಹತ್ತು ಬರುತ್ತವೆ. ಇನ್‌ಸ್ಟಾಗ್ರಾಮ್‌ನಲ್ಲಿ ಬೇಡದ ಪದಗಳ ಪಟ್ಟಿ ಮಾಡಿಟ್ಟರೆ ಆ ಪದ ಇರುವ ಮಾತುಗಳು ಮರೆಯಾಗುತ್ತವೆ. ಪಟ್ಟಿಯಲ್ಲಿ ಕನ್ನಡದ ಬೈಗುಳಗಳನ್ನೂ, ಅವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೀತಿಯನ್ನೂ ಸೇರಿಸಿ. ಯೂಟ್ಯೂಬ್‌ನಲ್ಲಿ ನೀವು ಒಪ್ಪಿದ ಮೇಲಷ್ಟೇ ಕಾಮೆಂಟ್ ಕಾಣುವ ಹಾಗೆ ಮಾಡಬಹುದು. ಮೊದಲ ಕೆಲವು ತಿಂಗಳು ಹಾಗೇ ಇಟ್ಟುಕೊಳ್ಳಿ.

ಇವೆಲ್ಲಕ್ಕಿಂತ ಕಷ್ಟದ್ದು ಎದುರಿಗೆ ಬರುವ ಮಾತು. ಸೆಟ್ಟಿಂಗ್ ಏನೇ ಇರಲಿ, ಒಂದು ದಿನ ಚೀಟಿಯಲ್ಲಿದ್ದವರಿಗೆ ಗೊತ್ತಾಗಿಯೇ ಆಗುತ್ತದೆ. ನನಗೂ ಹಾಗೇ ಆಯಿತು. ಒಂದು ಉಪನಯನದ ಮನೆಯಲ್ಲಿ ದೊಡ್ಡತ್ತೆ ಎಲ್ಲರ ಮುಂದೆ ಕೇಳಿದರು: ‘ಎಂಥದೇ ಮಾರಾಯ್ತಿ, ಫೋನಲ್ಲಿ ಚಿತ್ರ ಗಿತ್ರ ಹಾಕ್ತೀಯಂತೆ?’

ಇದಕ್ಕೆ ಒಂದು ಉತ್ತರ ಮೊದಲೇ ತಯಾರಿಟ್ಟುಕೊಳ್ಳಿ. ಕನ್ನಡಿ ಮುಂದೆ ನಿಂತು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ನನ್ನದು ಹೀಗಿತ್ತು: ‘ಹೌದು ಅತ್ತೆ, ಬರೀತಾ ಇದೀನಿ. ನೋಡ್ತೀರಾ?’ ಅಷ್ಟೇ. ಸಮರ್ಥನೆ ಬೇಡ, ಕ್ಷಮೆ ಬೇಡ. ಫೋನ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. ‘ಇದು ಹಳೇ ಮನೆ ಅಂಗಳ ಅಲ್ಲನಾ? ಇಲ್ಲಿ ಒಂದು ದಾಸವಾಳದ ಗಿಡ ಇತ್ತು’ ಅಂದರು. ಹೊಗಳಲಿಲ್ಲ. ಫೋನ್ ವಾಪಸ್ ಕೊಟ್ಟು ಊಟಕ್ಕೆ ಎದ್ದರು. ಮೂರು ವರ್ಷ ನಾನು ಹೆದರಿದ್ದ ಮಾತು ಇಷ್ಟೇ ಆಗಿತ್ತು.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಕೆಲವು ಮನೆಗಳಲ್ಲಿ ಮಾತು ಬಿಗಡಾಯಿಸಬಹುದು. ಅಂಥವರು ಕಾವ್ಯನಾಮದ ನೆರಳಿನಲ್ಲೇ ಇರಿ, ಅದರಲ್ಲಿ ತಪ್ಪೇನೂ ಇಲ್ಲ. ಇನ್ನು ಕೆಲವರಿಗೆ ಆನ್‌ಲೈನ್ ಮಾತ್ರ ಅಲ್ಲ, ನಾಲ್ಕು ಜನರ ಮುಂದೆ ಮಾತಾಡೋಕೂ ಊಟ ಮಾಡೋಕೂ ಆಗದಷ್ಟು ಭಯ ಇರುತ್ತದೆ, ನಿದ್ದೆ ಹೋಗಿರುತ್ತದೆ. ಅದು ಚೀಟಿ ಬರೆದು ಹೋಗುವಂಥದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ. ಕನ್ನಡದಲ್ಲೇ ಮಾತಾಡಬಹುದು.

7. ಯಾರೂ ನೋಡದೆ ಇದ್ದಾಗ

ನಿಜ ಹೇಳಬೇಕು ಅಂದರೆ ಹೆಚ್ಚಿನವರಿಗೆ ಆಗುವುದು ಇದೇ. ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ನನ್ನ ಮೊದಲ ಚಿತ್ರಕ್ಕೆ ಬಂದದ್ದು ಏಳು ಲೈಕ್. ಅದರಲ್ಲಿ ಮೂರು ಮನೆಯವರದ್ದೇ. ಆ ಸಂಖ್ಯೆ ನೋಡಿ ಮನಸ್ಸು ಕುಗ್ಗುವುದಾದರೆ ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್ ಎಣಿಕೆ ಬೇರೆಯವರಿಗೆ ಕಾಣದ ಹಾಗೆ ಮಾಡಬಹುದು.

ಲೈಕಿನ ಗೊಡವೆಯೇ ಬೇಡ ಅನ್ನುವವರಿಗೆ ಇನ್ನೊಂದು ಜಾಗ ಇದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ನಿಮ್ಮೂರಿನ ಕೆರೆ, ದೇವಸ್ಥಾನ, ಕೀಟ, ಹೂವಿನ ಫೋಟೋಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಹಾಕಿದ್ದನ್ನು ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ಅಲ್ಲಿ ಯಾರೂ ನಿಮ್ಮನ್ನು ಅಳೆಯೋದಿಲ್ಲ. ಜನರ ಮುಂದೆ ಇಡುವ ಅಭ್ಯಾಸ ಮಾತ್ರ ಆಗುತ್ತದೆ.

ಹೆಗ್ಗೋಡಿನ ನೀನಾಸಂ ನೋಡಿ. 1949ರಲ್ಲಿ ಒಂದು ಹಳ್ಳಿಯವರು ತಮ್ಮ ಪಾಡಿಗೆ ನಾಟಕ ಆಡೋಕೆ, ಓದೋಕೆ ಅಂತ ಕಟ್ಟಿಕೊಂಡದ್ದು. ರಂಗಶಿಕ್ಷಣ ಕೇಂದ್ರ ಆಗಿದ್ದು 1980ರಲ್ಲಿ. ಅವರ ನಾಟಕ ತಂಡ ‘ತಿರುಗಾಟ’ ಊರೂರಿಗೆ ಹೊರಟದ್ದು 1985ರಲ್ಲಿ. ಅಷ್ಟು ವರ್ಷ ಅವರ ಮುಂದೆ ಇದ್ದದ್ದು ಹೆಚ್ಚಾಗಿ ಅಕ್ಕಪಕ್ಕದ ಊರಿನ ಜನ. ನಿಮ್ಮ ಚಿತ್ರವನ್ನು ಇವತ್ತು ಹನ್ನೆರಡು ಜನ ನೋಡಿದ್ದಾರೆ ಅಂದರೆ, ಒಂದು ಜಗಲಿ ತುಂಬ ಜನ ಕೂತು ನೋಡಿದ ಹಾಗಾಯಿತು.

8. ಎರಡನೆಯದಕ್ಕೆ ಮೊದಲೇ ದಿನ ಗೊತ್ತು ಮಾಡಿ

ಮೊದಲನೆಯದನ್ನು ಹಾಕಿ ಎಷ್ಟೋ ಜನ ನಿಂತುಬಿಡುತ್ತಾರೆ. ಚೆನ್ನಾಗಿ ಹೋದರೆ ‘ಮುಂದಿನದು ಅಷ್ಟು ಚೆನ್ನಾಗಿರದಿದ್ದರೆ?’ ಅಂತ, ಹೋಗದಿದ್ದರೆ ‘ಸಾಕು ಬಿಡು’ ಅಂತ. ಅದಕ್ಕೇ ಮೊದಲನೆಯದನ್ನು ಹಾಕುವ ಮುಂಚೆಯೇ ಎರಡನೆಯದರ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು. ವಾರಕ್ಕೊಂದು ಆಗದಿದ್ದರೆ ಹದಿನೈದು ದಿನಕ್ಕೊಂದು. ಕೊಯ್ಲಿನ ಸಮಯದಲ್ಲಿ ಯಾರಿಗೂ ಪುರುಸೊತ್ತು ಇರೋದಿಲ್ಲ, ಆಗ ತಿಂಗಳಿಗೊಂದು ಇಟ್ಟುಕೊಳ್ಳಿ.

ನಾನು ಎರಡನೆಯದನ್ನು ಹಾಕಿದ್ದು ಎಂಟನೇ ದಿನಕ್ಕೆ. ಗೇರುಗುಡ್ಡೆ ಹತ್ತುವಾಗ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಅರ್ಧ ಹತ್ತಿದ್ದರಿಂದಲೋ ಭಯದಿಂದಲೋ ಅಂತ ಹೇಳೋಕೆ ಬರುತ್ತಿರಲಿಲ್ಲ. ಚಿತ್ರ ಕೊಟ್ಟಿಗೆಯ ಬಾಗಿಲಿನದ್ದು.